ದೇಸಾಯಿಗಳೆಲ್ಲ ಒಂದೇ ಮನೆಯವರೇ?

ಕರ್ನಾಟಕದ ಹಳ್ಳಿಗಳಲ್ಲಿ ಮೊರಾರ್ಜಿ ಎಂದರೆ ಶಾಲೆ. ಐದನೇ ತರಗತಿಯ ಮಕ್ಕಳು ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದರೆ ‘ನಮ್ಮ ಹುಡುಗಿಗೆ ಮೊರಾರ್ಜಿ ಸಿಕ್ತು’ ಎಂದು ತಾಯಿ ಓಣಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಆ ಹೆಸರಿನವರು ಒಬ್ಬರು ದೇಶದ ಪ್ರಧಾನಿಯಾಗಿದ್ದರು ಎಂಬುದು ಸಾಮಾನ್ಯ ಜ್ಞಾನದ ಪ್ರಶ್ನೆಪತ್ರಿಕೆಗೆ ಸೇರಿದ ಸಂಗತಿ. ಅದೇ ವಸತಿ ಶಾಲೆಗಳ ಪಟ್ಟಿಯಲ್ಲಿ ಇನ್ನೊಂದು ಹೆಸರೂ ಇದೆ: ಕಿತ್ತೂರು ರಾಣಿ ಚೆನ್ನಮ್ಮ. ಗುಜರಾತಿನ ವಲಸಾಡ ಸೀಮೆಯ ಹಟಮಾರಿ ಗಾಂಧಿವಾದಿಗೂ ಬೆಳಗಾವಿ ಸೀಮೆಯ ರಾಣಿಗೂ ಏನು ನಂಟು? ಅಡ್ಡಹೆಸರಿನ ನಂಟು. ಕಂಪನಿ ಸರ್ಕಾರದ ಕಾಗದಪತ್ರಗಳಲ್ಲಿ ಚೆನ್ನಮ್ಮನ ಮನೆತನ ಕಾಣಿಸಿಕೊಳ್ಳುವುದು ‘ಕಿತ್ತೂರು ದೇಸಾಯಿ’ ಎಂದೇ.

ಒಂದೇ ಅಡ್ಡಹೆಸರಿನ ಗಣ್ಯರನ್ನು ಸಾಲಾಗಿ ನಿಲ್ಲಿಸಿ ಎಣಿಸುವುದು ನಮ್ಮ ಜನಕ್ಕೆ ಬಲು ಇಷ್ಟದ ಕೆಲಸ. ಸಮಾಜದ ವಾರ್ಷಿಕ ಸಂಚಿಕೆಗಳಲ್ಲಿ, ಸನ್ಮಾನದ ಆಮಂತ್ರಣ ಪತ್ರಿಕೆಗಳಲ್ಲಿ, ಮದುವೆ ಮನೆಯ ಹರಟೆಯಲ್ಲಿ ಈ ಲೆಕ್ಕ ನಡೆದೇ ಇರುತ್ತದೆ. ದೇಸಾಯಿಗಳ ಪಟ್ಟಿ ಮಾಡಹೊರಟರೆ ಕೈಗೆ ಭರ್ತಿ ಸಿಗುತ್ತದೆ: ಒಬ್ಬ ಪ್ರಧಾನಿ, ಗಾಂಧೀಜಿಯ ಕಾರ್ಯದರ್ಶಿ, ಕೆಂಪುಕೋಟೆಯಲ್ಲಿ ವಾದಿಸಿದ ವಕೀಲ, ಬುಕರ್ ಗೆದ್ದ ಕಾದಂಬರಿಕಾರ್ತಿ, ಅಮಿತಾಭರನ್ನು ಈಸ್ಟರ್ ಮೊಟ್ಟೆಯೊಳಗಿಂದ ಹೊರಬರಿಸಿದ ಸಿನಿಮಾ ನಿರ್ದೇಶಕ, ಕನ್ನಡದ ಚುಟುಕ ಬ್ರಹ್ಮ. ಇವರನ್ನೆಲ್ಲ ‘ನಮ್ಮವರು’ ಎಂದು ಎದೆಗವಚಿಕೊಳ್ಳುವ ಮೊದಲು, ಆ ಹೆಸರು ಎಲ್ಲಿಂದ ಬಂತೆಂದು ನೋಡಿದರೆ ಸ್ವಲ್ಪ ಮುಜುಗರವಾಗಬಹುದು. ಅದು ತೆರಿಗೆ ವಸೂಲಿಯ ಹುದ್ದೆ.

ಬಹಮನಿ ಮತ್ತು ಆದಿಲಶಾಹಿ ಕಾಲದ ದಖ್ಖನಿನಲ್ಲಿ ಹಳ್ಳಿಗೆ ಗೌಡ ಇದ್ದ, ಲೆಕ್ಕ ಬರೆಯಲು ಕುಲಕರ್ಣಿ ಇದ್ದ. ಹತ್ತಾರು ಹಳ್ಳಿಗಳು ಸೇರಿದ ಪರಗಣಕ್ಕೂ ಹೀಗೆಯೇ ಒಂದು ಜೋಡಿ: ಮೇಲ್ವಿಚಾರಣೆಗೆ ದೇಸಾಯಿ, ಲೆಕ್ಕಕ್ಕೆ ದೇಶಪಾಂಡೆ. ಮಹಾರಾಷ್ಟ್ರದ ಬಹುಭಾಗದಲ್ಲಿ ಇದೇ ದೇಸಾಯಿಯನ್ನು ದೇಶಮುಖ ಎಂದರು. ನಮ್ಮ ಕೆಲವು ಕಡೆ ನಾಡಗೌಡ ಎಂದರು. ಸುಗ್ಗಿಗೆ ಮುಂಚೆ ಬೆಳೆಯ ಅಂದಾಜು, ಆಮೇಲೆ ಹಳ್ಳಿವಾರು ಕಂದಾಯದ ನಿಗದಿ, ಬಾಕಿ ವಸೂಲಿ, ಗಡಿ ತಂಟೆಗಳ ಪಂಚಾಯಿತಿ, ಬೀಳು ಬಿದ್ದ ನೆಲಕ್ಕೆ ಒಕ್ಕಲು ತಂದು ಕೂಡಿಸುವುದು, ದಂಡು ಹಾದುಹೋದರೆ ಅದಕ್ಕೆ ಮೇವು ಕಾಳು ಒದಗಿಸುವುದು ದೇಸಾಯಿಯ ಪಾಲಿನ ಕೆಲಸ. ಸಂಬಳವೆಂದು ತಿಂಗಳ ಹಣ ಇರಲಿಲ್ಲ. ವಸೂಲಿಯಲ್ಲಿ ಒಂದು ಪಾಲು, ಜತೆಗೆ ಇನಾಮು ಜಮೀನು, ಇವಕ್ಕೊಂದು ಸನದು. ಇದಕ್ಕೆ ವತನ ಎಂದು ಹೆಸರು. ವತನ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಅದರ ಬೆನ್ನಿಗೆ ಹುದ್ದೆಯ ಹೆಸರೂ ಇಳಿಯಿತು. ಬಿಜಾಪುರದ ಬಾದಶಹ ಹೋದ, ಮೊಗಲರು ಬಂದರು, ಪೇಶವೆಗಳು ಬಂದು ಹೋದರು. ಯಾರು ಬಂದರೂ ಅವರಿಗೆ ಊರೂರಿನ ನೆಲದ ಲೆಕ್ಕ ಗೊತ್ತಿರುವವನೊಬ್ಬ ಬೇಕಿತ್ತು. ಆದ್ದರಿಂದ ದೇಸಾಯಿ ಇದ್ದಲ್ಲೇ ಉಳಿದ. ವಾಡೆ ಕಟ್ಟಿಸಿದ, ಕುದುರೆ ಸಾಕಿದ, ಕೆಲವೆಡೆ ಕೋಟೆಯನ್ನೂ ಹಾಕಿಸಿ ಅರಸನಂತೆ ಮೆರೆದ.

ಕಿತ್ತೂರು ಅಂಥ ಒಂದು ದೇಸಗತಿ. 1585ರ ಸುಮಾರಿಗೆ ಹಿರೇಮಲ್ಲ, ಚಿಕ್ಕಮಲ್ಲ ಎಂಬ ಅಣ್ಣತಮ್ಮಂದಿರು ಬಿಜಾಪುರದ ದಂಡಿನ ಜತೆ ಬಂದು ಸಂಪಗಾವಿಯಲ್ಲಿ ನೆಲೆ ನಿಂತರು. ಇನ್ನೂರು ವರ್ಷದಲ್ಲಿ ಆ ಮನೆತನ ಎಷ್ಟು ಬೆಳೆಯಿತೆಂದರೆ ಮಲ್ಲಸರ್ಜ ದೇಸಾಯಿಯನ್ನು ಒಮ್ಮೆ ಟಿಪ್ಪು ಸೆರೆ ಹಿಡಿದ, ಮುಂದೊಮ್ಮೆ ಪೇಶವೆ ಸೆರೆ ಹಿಡಿದ. ಇಬ್ಬರು ದೊಡ್ಡವರು ಒಬ್ಬನನ್ನೇ ಹಿಡಿದು ಕೂಡಿಸಬೇಕಾದರೆ ಅವನ ಬೊಕ್ಕಸಕ್ಕೆ ಏನೋ ತೂಕ ಇದ್ದಿರಲೇಬೇಕು. ಕಾಕತಿಯ ದೇಸಾಯಿ ಮನೆತನದಲ್ಲಿ ಹುಟ್ಟಿದ ಚೆನ್ನಮ್ಮ ಮಲ್ಲಸರ್ಜನ ಮಡದಿಯಾಗಿ ಬಂದವಳು. 1816ರಲ್ಲಿ ಮಲ್ಲಸರ್ಜ ತೀರಿಕೊಂಡ. 1824ರ ಸೆಪ್ಟೆಂಬರಿನಲ್ಲಿ ಹಿರಿಯ ರಾಣಿಯ ಮಗ ಶಿವಲಿಂಗರುದ್ರಸರ್ಜನೂ ಮಕ್ಕಳಿಲ್ಲದೆ ಸತ್ತ. ಸಾಯುವ ಮುಂಚೆ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದ.

ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಮೊಹರು ಹಾಕಿಸಿದ, ಕಾವಲು ಕೂಡಿಸಿದ. ಕಂಪನಿಯ ವಾದ ಸರಳವಾಗಿತ್ತು: ದೇಸಾಯಿ ಎಂಬುದು ಸರ್ಕಾರ ಕೊಟ್ಟ ಹುದ್ದೆ, ಹುದ್ದೆಗೆ ವಾರಸುದಾರರನ್ನು ನೇಮಿಸುವವರು ನಾವು. ಕಿತ್ತೂರಿನ ವಾದವೂ ಅಷ್ಟೇ ಸರಳ: ಇದು ನಮ್ಮ ಮನೆ, ನಮ್ಮ ಸಂಸ್ಥಾನ, ಮಗನನ್ನು ಆರಿಸಿಕೊಳ್ಳುವುದು ನಮಗೆ ಬಿಟ್ಟದ್ದು. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಥ್ಯಾಕರೆ ಸತ್ತುಬಿದ್ದ. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ದಂಡು ಬಂದು ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಕಿತ್ತೂರಿನ ಶೇತಸನದಿಯಾಗಿದ್ದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಶೇತಸನದಿ ಎಂಬುದೂ ನೆಲದ ಆದಾಯದ ಮೇಲೆ ನಿಂತ ಚಾಕರಿ. ದತ್ತಕವನ್ನು ನೆಪ ಮಾಡಿ ಸಂಸ್ಥಾನ ನುಂಗುವ ಈ ಉಪಾಯಕ್ಕೆ ಡಾಲ್‌ಹೌಸಿ ಕಾಯಿದೆಯ ಬಣ್ಣ ಬಳಿದದ್ದು ಇದೆಲ್ಲ ಮುಗಿದು ಎರಡು ದಶಕಗಳಾದ ಮೇಲೆ.

ಅಡ್ಡಹೆಸರಿನ ಮಾತು ಬಂದದ್ದರಿಂದ ಇಲ್ಲೊಂದು ಅಡ್ಡಮಾತು. ಸತ್ತ ಕಲೆಕ್ಟರ್ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ. ಮುಂದೆ ಮರಾಠಿ ಲೇಖಕ ಪ್ರಬೋಧನಕಾರ ಕೇಶವ ಠಾಕರೆ ಆ ಕಾದಂಬರಿಕಾರನ ಮೇಲಿನ ಅಭಿಮಾನಕ್ಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಅವನಂತೆಯೇ ಬರೆದುಕೊಂಡರೆಂದು ಹೇಳುತ್ತಾರೆ. ಅವರ ಮಗ ಬಾಳ ಠಾಕರೆ ಕಟ್ಟಿದ ಪಕ್ಷ ಬೆಳಗಾವಿಗಾಗಿ ಎಷ್ಟು ಗದ್ದಲ ಮಾಡಿತೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಕಿತ್ತೂರಿನಲ್ಲಿ ಸತ್ತವನ ಹೆಸರಿನ ಕಾಗುಣಿತ ಮುಂಬೈ ಸುತ್ತಿ ಬೆಳಗಾವಿಗೇ ಬಂತು! ಇದರಲ್ಲಿ ಏನಾದರೂ ಗೂಢಾರ್ಥ ಇದೆಯೇ? ಏನೂ ಇಲ್ಲ. ಹೆಸರು ಹೆಸರಿಗೆ ತಾಳೆ ಹಾಕುತ್ತ ಹೋದರೆ ಇಂಥ ಸ್ವಾರಸ್ಯಗಳು ಬೇಕಾದಷ್ಟು ಸಿಗುತ್ತವೆ, ಅಷ್ಟೇ. 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆಯನ್ನು ಅನಾವರಣ ಮಾಡಿದ ರಾಷ್ಟ್ರಪತಿ ಪ್ರತಿಭಾ ಪಾಟೀಲ. ಪಾಟೀಲ ಎಂದರೆ ಊರಗೌಡ. ಹಳೆಯ ಲೆಕ್ಕದಲ್ಲಿ ದೇಸಾಯಿಯ ಕೈಕೆಳಗಿನವ.

ದತ್ತಕದ ಇನ್ನೊಂದು ಕಥೆ ಸವದತ್ತಿ ತಾಲ್ಲೂಕಿನ ಸಿರಸಂಗಿಯದು. ಇದು ಕಿತ್ತೂರಿನಷ್ಟು ಪಠ್ಯಪುಸ್ತಕಗಳಲ್ಲಿ ಬಂದಿಲ್ಲ, ಬರಬೇಕಿತ್ತು. ಶಿಗ್ಲಿಯ ಸಾಧಾರಣ ಮನೆಯೊಂದರಲ್ಲಿ 1861ರಲ್ಲಿ ಹುಟ್ಟಿದ ರಾಮಪ್ಪ ಎಂಬ ಹುಡುಗ ಸಿರಸಂಗಿ–ನವಲಗುಂದ ದೇಸಗತಿಗೆ ದತ್ತಕ ಹೋಗಿ ಲಿಂಗರಾಜ ದೇಸಾಯಿ ಆದ. ದೇಸಗತಿಯ ಮಗನಿಗೆ ಆ ಕಾಲದಲ್ಲಿ ಮಾಡಲು ಬೇಕಾದಷ್ಟು ಕೆಲಸಗಳಿದ್ದವು: ದಾಯಾದಿಗಳ ಮೇಲೆ ದಾವೆ ಹೂಡುವುದು, ಸಾಹೇಬರನ್ನು ಬೇಟೆಗೆ ಕರೆಯುವುದು, ಸಾಲ ಮಾಡಿ ಹಬ್ಬ ಮಾಡುವುದು. ಲಿಂಗರಾಜರ ಆಸಕ್ತಿ ಬೇರೆ ಕಡೆ ಇತ್ತು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1906ರಲ್ಲಿ ತೀರಿಕೊಳ್ಳುವ ಮುನ್ನ ಅವರು ಬರೆದಿಟ್ಟ ಮೃತ್ಯುಪತ್ರ ಉತ್ತರ ಕರ್ನಾಟಕದ ಇತಿಹಾಸದಲ್ಲಿ ಒಂದು ದೊಡ್ಡ ಕಾಗದ. ಇನ್ನೊಬ್ಬ ದತ್ತಕನನ್ನು ಹುಡುಕುವ ಬದಲು ದೇಸಗತಿಯ ಆಸ್ತಿಯನ್ನು ಅವರು ತಮ್ಮ ಸಮಾಜದ ಮಕ್ಕಳ ಓದಿಗೆ ಬರೆದುಕೊಟ್ಟರು. ಆ ಟ್ರಸ್ಟಿನ ವಿದ್ಯಾರ್ಥಿವೇತನ ಪಡೆದು ಪುಣೆ, ಮುಂಬೈಗಳಿಗೆ ಓದಲು ಹೋದವರಿಂದ ಈ ಭಾಗದ ವಕೀಲಿ, ಶಿಕ್ಷಣ, ರಾಜಕಾರಣ ಮೂರೂ ತುಂಬಿಕೊಂಡವು. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ 1933ರಲ್ಲಿ ತೆರೆದ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು.

ನೆಲದ ಹುಟ್ಟುವಳಿಯಲ್ಲಿ ಪಾಲು ಪಡೆದು ಬೆಳೆದ ಮನೆಯೊಂದು ಆ ಪಾಲನ್ನು ಶಾಲೆಗೆ ಒಪ್ಪಿಸಿದ ಪ್ರಸಂಗವಿದು. ಅದು ಒಂದೇ ಸಮಾಜದ ಮಕ್ಕಳಿಗೆ ಮೀಸಲಾಗಿತ್ತು ಎಂಬ ತಕರಾರು ಇಂದು ಏಳಬಹುದು, ಏಳಲಿ. ಆದರೆ ಲಿಂಗರಾಜರ ಕಾಲದ ಎಷ್ಟು ದೇಸಾಯಿಗಳು, ಇನಾಮದಾರರು ಇಷ್ಟಾದರೂ ಮಾಡಿದರು ಎಂದು ಮರುಪ್ರಶ್ನೆ ಹಾಕಿದರೆ ಬೆರಳು ಮಡಚಲು ಒಂದೇ ಕೈ ಸಾಕಾದೀತು. ವಂಟಮುರಿಯ ಸರದೇಸಾಯಿ ರಾಜಾ ಲಖಮಗೌಡರ ಹೆಸರು ಆ ಬೆರಳುಗಳಲ್ಲಿ ಒಂದಕ್ಕೆ ಸಲ್ಲುತ್ತದೆ. ಬೆಳಗಾವಿಯ ಕಾಲೇಜುಗಳ ಮೇಲೂ ಹಿಡಕಲ್ ಅಣೆಕಟ್ಟಿನ ಮೇಲೂ ಅವರ ಹೆಸರಿದೆ.

ಈಗ ದಕ್ಷಿಣ ಗುಜರಾತಿಗೆ ಹೋಗೋಣ. ಸೂರತ್ ಮತ್ತು ವಲಸಾಡ ಸೀಮೆಯಲ್ಲಿ ದೇಸಾಯಿ ಎಂದರೆ ಬಹುಮಟ್ಟಿಗೆ ಅನಾವಿಲ ಬ್ರಾಹ್ಮಣರು. ಪೂಜೆ ಪೌರೋಹಿತ್ಯ ಮಾಡದ, ನೆಲ ಹಿಡಿದು ಬೇಸಾಯ ಮಾಡಿಸುವ ಬ್ರಾಹ್ಮಣರು. ಇವರಲ್ಲಿ ಕಂದಾಯ ವಸೂಲಿಯ ಹಕ್ಕು ಹಿಡಿದವರು ದೇಸಾಯಿ, ಬರೀ ಸಾಗುವಳಿಯವರು ಭಾಠೇಲ. ದೇಸಾಯಿ ಮನೆಗೆ ಮಗಳನ್ನು ಕೊಡಲು ಭಾಠೇಲರು ದೊಡ್ಡ ವರದಕ್ಷಿಣೆ ಹೊಂದಿಸಬೇಕಿತ್ತು. ಇವರ ಹೊಲಗಳಲ್ಲಿ ದುಡಿಯುತ್ತಿದ್ದವರು ದುಬಳಾ ಎಂಬ ಆದಿವಾಸಿ ಜನ. ಮದುವೆಗೆಂದು ಪಡೆದ ಸಾಲಕ್ಕೆ ಗಂಡ ಹೆಂಡತಿ ಇಬ್ಬರೂ ಜೀವಮಾನವಿಡೀ ಒಡೆಯನ ಮನೆಯಲ್ಲಿ ಜೀತವಿರುವ ‘ಹಾಲಿ’ ಪದ್ಧತಿಯ ಬಗ್ಗೆ ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ಒಂದು ಇಡೀ ಪುಸ್ತಕ ಬರೆದಿದ್ದಾರೆ. ದೇಸಾಯಿ ಎಂಬ ಹೆಸರಿನ ಹಿಂದಿನ ಈ ಲೆಕ್ಕ ಯಾವ ಗಣ್ಯರ ಪಟ್ಟಿಯಲ್ಲೂ ಬರುವುದಿಲ್ಲ.

ವಿಚಿತ್ರವೆಂದರೆ ಇದೇ ಮಣ್ಣಿನ ಮೂವರು ದೇಸಾಯಿಗಳು ದೇಶದ ಇತಿಹಾಸಕ್ಕೆ ಬಂದದ್ದು ಕಂದಾಯದ ಇನ್ನೊಂದು ದಡದಿಂದ. 1928ರ ಬಾರ್ಡೋಲಿ ಸತ್ಯಾಗ್ರಹ ನಡೆದದ್ದೇ ಕಂದಾಯ ಏರಿಕೆಯ ವಿರುದ್ಧ. ಮುಂಬೈ ಸರ್ಕಾರ ಶೇ 22ರಷ್ಟು ಏರಿಸಿತ್ತು. ಸರ್ದಾರ್ ಪಟೇಲರು ರೈತರನ್ನು ಕಟ್ಟಿ ನಿಲ್ಲಿಸಿದರು. ಸರ್ಕಾರ ಮಣಿದು ಬ್ರೂಮ್‌ಫೀಲ್ಡ್ ತನಿಖಾ ಸಮಿತಿ ಕೂಡಿಸಿದಾಗ ರೈತರ ಪರವಾಗಿ ವಾದಿಸಲು ನಿಂತವರು ಮುಂಬೈ ಹೈಕೋರ್ಟಿನ ಹೆಸರಾಂತ ವಕೀಲ ಭೂಲಾಭಾಯಿ ದೇಸಾಯಿ. ಸಮಿತಿ ಒಪ್ಪಿದ ಏರಿಕೆ ಶೇ 6ರ ಆಸುಪಾಸು. ಆ ಹೋರಾಟದ ಕಥೆಯನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದವರು ಮಹಾದೇವ ದೇಸಾಯಿ. ಹದಿನೇಳು ವರ್ಷಗಳ ನಂತರ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಶಾಹ್ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನರ ಪರ ವಾದಿಸಿದವರೂ ಇದೇ ಭೂಲಾಭಾಯಿ. ಅಡಿಯಾಳಾಗಿರುವ ಜನಕ್ಕೆ ಬಿಡುಗಡೆಗಾಗಿ ಯುದ್ಧ ಮಾಡುವ ಹಕ್ಕಿದೆ ಎಂಬ ಅವರ ವಾದ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆರೋಗ್ಯ ಕೆಟ್ಟಿದ್ದರೂ ಮೊಕದ್ದಮೆ ನಡೆಸಿದ ಅವರು 1946ರ ಮೇ ತಿಂಗಳಲ್ಲಿ ತೀರಿಕೊಂಡರು.

ಮಹಾದೇವ ದೇಸಾಯಿಗೆ ದೇಸಾಯಿ ಎಂಬ ಹೆಸರೊಂದೇ ಬಂದಿತ್ತು, ಆಸ್ತಿ ಬರಲಿಲ್ಲ. ಅವರ ತಂದೆ ಬಡ ಶಾಲಾಮಾಸ್ತರರು. 1917ರಲ್ಲಿ ಗಾಂಧೀಜಿಯ ಜತೆ ಸೇರಿದ ಮಹಾದೇವ ಕಾಲು ಶತಮಾನ ಅವರ ನೆರಳಿನಂತೆ ಇದ್ದರು: ಪತ್ರ ಬರೆಯುವುದು, ದಿನಚರಿ ಇಡುವುದು, ಬಂದವರನ್ನು ನೋಡಿಕೊಳ್ಳುವುದು, ರೈಲು ಹುಡುಕುವುದು. ಗಾಂಧೀಜಿಯ ಆತ್ಮಕಥೆಯನ್ನು ಗುಜರಾತಿಯಿಂದ ಇಂಗ್ಲಿಷಿಗೆ ತಂದವರೂ ಅವರೇ. ಜಗತ್ತು ಗಾಂಧಿಯ ಮಾತೆಂದು ಓದುವ ಇಂಗ್ಲಿಷ್ ಬಹುಮಟ್ಟಿಗೆ ಮಹಾದೇವರ ಇಂಗ್ಲಿಷ್. 1942ರ ಆಗಸ್ಟ್ 15ರಂದು, ‘ಕ್ವಿಟ್ ಇಂಡಿಯಾ’ ಕರೆಯ ಬೆನ್ನಿಗೇ ಸೆರೆಯಾಗಿ ಒಂದು ವಾರವೂ ಕಳೆದಿರಲಿಲ್ಲ, ಪುಣೆಯ ಆಗಾ ಖಾನ್ ಅರಮನೆಯಲ್ಲಿ ಹೃದಯಾಘಾತದಿಂದ ಹೋದರು. ವಯಸ್ಸು ಐವತ್ತು. ಅವರ ಮಗ ನಾರಾಯಣ ದೇಸಾಯಿ ಗುಜರಾತಿಯಲ್ಲಿ ಗಾಂಧೀಜಿಯ ನಾಲ್ಕು ಸಂಪುಟಗಳ ಜೀವನಚರಿತ್ರೆ ಬರೆದರು. ಇಳಿವಯಸ್ಸಿನಲ್ಲಿ ಊರೂರು ತಿರುಗಿ ಗಾಂಧಿಕಥೆ ಹೇಳಿದರು.

ಇನ್ನು ಮೊರಾರ್ಜಿ. ಅವರ ಬದುಕಿಗೂ ಕಂದಾಯ ಇಲಾಖೆಗೂ ಬಿಡದ ಗಂಟು. ಬ್ರಿಟಿಷ್ ಸರ್ಕಾರದಲ್ಲಿ ಡೆಪ್ಯೂಟಿ ಕಲೆಕ್ಟರ್ ಆಗಿದ್ದವರು 1930ರಲ್ಲಿ ರಾಜೀನಾಮೆ ಬಿಸಾಕಿ ಸತ್ಯಾಗ್ರಹಕ್ಕೆ ಇಳಿದರು. 1937ರ ಕಾಂಗ್ರೆಸ್ ಸರ್ಕಾರದಲ್ಲಿ ಕಂದಾಯ ಮಂತ್ರಿ, 1946ರಲ್ಲಿ ಮತ್ತೆ ಗೃಹ ಮತ್ತು ಕಂದಾಯ ಮಂತ್ರಿ. ಆ ಸರ್ಕಾರ ತಂದ ಕಾನೂನುಗಳಲ್ಲಿ ಎರಡು ಇಲ್ಲಿ ಮುಖ್ಯ. ಒಂದು, 1948ರ ಮುಂಬೈ ಗೇಣಿ ಕಾಯಿದೆ. ಇನ್ನೊಂದು, 1950ರ ಪರಗಣ ಮತ್ತು ಕುಲಕರ್ಣಿ ವತನಗಳ ರದ್ದತಿ ಕಾಯಿದೆ. ಅಂದರೆ ದೇಸಾಯಿ, ದೇಶಮುಖ, ದೇಶಪಾಂಡೆ, ಕುಲಕರ್ಣಿ ಎಂಬ ಹುದ್ದೆಗಳನ್ನು ಕಾನೂನಿನ ಪುಸ್ತಕದಿಂದ ಅಳಿಸಿದ ಸಂಪುಟದಲ್ಲಿ ಒಬ್ಬ ದೇಸಾಯಿ ಕೂತಿದ್ದರು! ಆಗ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬೈ ರಾಜ್ಯದಲ್ಲೇ ಇದ್ದುದರಿಂದ ನಮ್ಮ ವಾಡೆಗಳ ದೇಸಾಯರೂ ಆ ದಿನವೇ ಮಾಜಿಗಳಾದರು. 1952ರಿಂದ 1956ರ ಏಕೀಕರಣದವರೆಗೆ ಈ ನಾಲ್ಕು ಜಿಲ್ಲೆಗಳ ಕನ್ನಡಿಗರಿಗೆ ಮುಖ್ಯಮಂತ್ರಿಯೂ ಮೊರಾರ್ಜಿಯೇ. ವಸತಿ ಶಾಲೆಯ ಹೆಸರಾಗುವ ಎಷ್ಟೋ ವರ್ಷ ಮೊದಲು ಹುಬ್ಬಳ್ಳಿ ಧಾರವಾಡದವರು ಅವರ ಪಾನನಿರೋಧದ ಬಿಗಿಯನ್ನು ಉಂಡವರು. ಮುಂಬೈಯಲ್ಲಿ ಸಂಯುಕ್ತ ಮಹಾರಾಷ್ಟ್ರ ಚಳವಳಿಗಾರರ ಮೇಲೆ ಗುಂಡು ಹಾರಿದ್ದೂ ಅವರ ಆಡಳಿತದಲ್ಲೇ. 81ನೇ ವಯಸ್ಸಿನಲ್ಲಿ ಪ್ರಧಾನಿಯಾಗಿ, ಭಾರತರತ್ನ ಮತ್ತು ನಿಶಾನ್-ಎ-ಪಾಕಿಸ್ತಾನ್ ಎರಡನ್ನೂ ಪಡೆದ ಈ ಮನುಷ್ಯನನ್ನು ಪ್ರೀತಿಸುವುದು ಕಷ್ಟ, ತಳ್ಳಿಹಾಕುವುದು ಇನ್ನೂ ಕಷ್ಟ.

ಅವರು ಪ್ರಧಾನಿಯಾದ 1977ರಲ್ಲೇ ಇನ್ನೊಬ್ಬ ದೇಸಾಯಿಯದೂ ರಾಜ್ಯಭಾರ ನಡೆದಿತ್ತು. ಮನಮೋಹನ ದೇಸಾಯಿ ಒಂದೇ ವರ್ಷ ‘ಅಮರ್ ಅಕ್ಬರ್ ಆಂಥೋನಿ’, ‘ಧರಮ್ ವೀರ್’, ‘ಪರ್ವರಿಶ್’, ‘ಚಾಚಾ ಭತೀಜಾ’ ನಾಲ್ಕನ್ನೂ ತೆರೆಗೆ ತಂದು ನಾಲ್ಕರಲ್ಲೂ ಗೆದ್ದರು. ಪ್ರಧಾನಿ ಮದ್ಯ ನಿಲ್ಲಿಸಲು ಹೊರಟಿದ್ದಾಗ ದೇಶದ ಥಿಯೇಟರುಗಳಲ್ಲಿ ಆಂಥೋನಿ ಕುಡಿದು ಕನ್ನಡಿಯ ಮುಂದೆ ತನ್ನ ಬಿಂಬಕ್ಕೇ ಪಟ್ಟಿ ಕಟ್ಟುತ್ತಿದ್ದ.

ನಮ್ಮ ಉತ್ತರ ಕನ್ನಡದ ಇಬ್ಬರು ದೇಸಾಯಿಗಳು ಈ ಮೆರವಣಿಗೆಯಲ್ಲಿ ಎಲ್ಲೂ ಕಳೆದುಹೋಗಬಾರದು. ಅಂಕೋಲೆಯ ದಿನಕರ ದೇಸಾಯಿ (1909–1982) ಎಂದರೆ ಕನ್ನಡಿಗರಿಗೆ ಚೌಪದಿ ನೆನಪಾಗುತ್ತದೆ. ನಾಲ್ಕು ಸಾಲಿನಲ್ಲಿ ಮಂತ್ರಿಯಿಂದ ಮಠದವರೆಗೆ ಎಲ್ಲರ ಕಿವಿ ಹಿಂಡಿದವರು. ಅವರ ಬದುಕಿನ ದೊಡ್ಡ ಭಾಗ ಕಳೆದದ್ದು ಬೇರೆ ಕೆಲಸದಲ್ಲಿ. ಭಾರತ ಸೇವಕ ಸಮಾಜದ ಸದಸ್ಯರಾಗಿ ಅವರು ಜಿಲ್ಲೆಯ ಗೇಣಿದಾರರನ್ನು ಸಂಘಟಿಸಿದರು. ಅಂಕೋಲೆ ಮೊದಲೇ ಕರನಿರಾಕರಣೆಯ ನೆಲ. ‘ಕರ್ನಾಟಕದ ಬಾರ್ಡೋಲಿ’ ಎಂದು ಹೆಸರಾಗಿತ್ತು. ಜಮೀನ್ದಾರರ ಗೇಣಿಯ ವಿರುದ್ಧ ಒಕ್ಕಲುಗಳನ್ನು ಎಬ್ಬಿಸಿದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಅವರು ಮುಂಬೈಯಲ್ಲಿ ಕೂತು ಹಡಗು ಕಾರ್ಮಿಕರ ಕೆಲಸ ಹಿಡಿದರು. ವಾಪಸು ಬಂದು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು, ಹೈಸ್ಕೂಲು ಕಾಲೇಜು ಇಲ್ಲದ ಊರುಗಳಲ್ಲಿ ಅವನ್ನು ತೆರೆದರು, ‘ಜನಸೇವಕ’ ವಾರಪತ್ರಿಕೆ ನಡೆಸಿದರು. 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೂ ಹೋದರು. ಒಕ್ಕಲುಗಳ ಪರ ನಿಂತದ್ದಕ್ಕೆ ಸ್ವಂತ ಜಿಲ್ಲೆಯಿಂದ ಹೊರಬಿದ್ದ ದೇಸಾಯಿ! ಹೆಸರಿನ ಹಳೆಯ ಅರ್ಥ ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಚೌಪದಿ ಬೇಕೇ?

ಹಳಿಯಾಳದ ಶಾಂತಿನಾಥ ದೇಸಾಯಿ ಜೈನರು. ಇಂಗ್ಲಿಷ್ ಮೇಷ್ಟರು, ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿ. 1961ರ ‘ಮುಕ್ತಿ’ ಕಾದಂಬರಿಯಿಂದ ಕನ್ನಡದ ನವ್ಯಕ್ಕೆ ಹೊಸ ಬಾಗಿಲು ತೆರೆದವರು. ಕೊನೆಯ ಕಾದಂಬರಿ ‘ಓಂ ಣಮೋ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಇರಲಿಲ್ಲ. ಧಾರವಾಡದಲ್ಲಿ ಶಾಸನಗಳ ನಡುವೆ ಬದುಕು ಕಳೆದ ಪಿ.ಬಿ. ದೇಸಾಯಿಯವರ ಹೆಸರನ್ನು ಇಂದಿಗೂ ದಕ್ಷಿಣದ ಜೈನಧರ್ಮದ ಚರಿತ್ರೆ ಬರೆಯುವ ಯಾರೂ ದಾಟಿಹೋಗಲಾರರು.

ಮುಂದಿನವರ ವಿಷಯದಲ್ಲಿ ಬೇಗ ಹೆಜ್ಜೆ ಹಾಕಬಹುದು. ಸಮಾಜಶಾಸ್ತ್ರಜ್ಞ ಎ.ಆರ್. ದೇಸಾಯಿ ನಡಿಯಾದದವರು, ನಾಗರ ಬ್ರಾಹ್ಮಣರು, ಕಟ್ಟಾ ಮಾರ್ಕ್ಸ್‌ವಾದಿ. ಭಾರತದ ರೈತ ಹೋರಾಟಗಳ ಮೇಲೆ ದಪ್ಪ ಸಂಪುಟವನ್ನೇ ಸಂಪಾದಿಸಿದರು. ಬರೋಡದಲ್ಲಿ ಹುಟ್ಟಿದ ಮೇಘನಾದ ದೇಸಾಯಿ ಲಂಡನ್ನಿನಲ್ಲಿ ಅರ್ಥಶಾಸ್ತ್ರ ಕಲಿಸಿ, ಹೌಸ್ ಆಫ್ ಲಾರ್ಡ್ಸ್ ಸೇರಿ, ಬಿಡುವಿನಲ್ಲಿ ದಿಲೀಪ್ ಕುಮಾರ್ ಮೇಲೆ ಪುಸ್ತಕ ಬರೆದರು. ಮಡಗಾಂವಿನ ದಿಲೀಪ ಸರದೇಸಾಯಿ 1971ರಲ್ಲಿ ವೆಸ್ಟ್ ಇಂಡೀಸಿನಲ್ಲಿ 642 ರನ್ ಹೊಡೆದು ಭಾರತಕ್ಕೆ ಅಲ್ಲಿನ ಮೊದಲ ಸರಣಿ ಗೆಲ್ಲಿಸಿದರು.

ಅನಿತಾ ದೇಸಾಯಿಯವರಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಅವರು ಹುಟ್ಟಿದ್ದು 1937ರಲ್ಲಿ ಮಸ್ಸೂರಿಯಲ್ಲಿ. ತಂದೆ ಬಂಗಾಳಿ ಮಜುಮದಾರ, ತಾಯಿ ಜರ್ಮನ್. ಅಶ್ವಿನ್ ದೇಸಾಯಿಯವರನ್ನು ಮದುವೆಯಾಗಿ ದೇಸಾಯಿ ಆದರು. ಮೂರು ಸಲ ಬುಕರ್ ಅಂತಿಮ ಪಟ್ಟಿಗೆ ಬಂದರೂ ಪ್ರಶಸ್ತಿ ಸಿಗಲಿಲ್ಲ. 2006ರಲ್ಲಿ ಮಗಳು ಕಿರಣ್ ಅದನ್ನು ಗೆದ್ದರು. ತಮಾಷೆಯೆಂದರೆ ಮಜುಮದಾರ ಎಂಬುದೂ ಕಂದಾಯ ಇಲಾಖೆಯದೇ ಹುದ್ದೆ, ಲೆಕ್ಕಪತ್ರ ಇಡುವವನದು. ತವರಿನದೂ ಕಚೇರಿ, ಗಂಡನ ಮನೆಯದೂ ಕಚೇರಿ.

ಹೀಗೆ ನೋಡುತ್ತ ಬಂದರೆ ‘ಒಂದೇ ಹೆಸರು, ಒಂದೇ ಕುಲ’ ಎಂಬ ಅಭಿಮಾನಕ್ಕೆ ಕಾಲೂರಲು ಜಾಗವೇ ಉಳಿಯುವುದಿಲ್ಲ. ಲಿಂಗರಾಜರಿಗೆ ಹೆಸರು ದತ್ತಕದಿಂದ ಬಂತು, ಅನಿತಾರಿಗೆ ಮದುವೆಯಿಂದ. ಲಿಂಗಾಯತ ದೇಸಾಯಿ ಇದ್ದಾರೆ, ಜೈನ ದೇಸಾಯಿ ಇದ್ದಾರೆ, ಬ್ರಾಹ್ಮಣರಲ್ಲೇ ನಾಲ್ಕಾರು ಪಂಗಡದ ದೇಸಾಯಿಗಳಿದ್ದಾರೆ, ಮರಾಠ ದೇಸಾಯಿಗಳಿದ್ದಾರೆ. ಉತ್ತರ ಗುಜರಾತಿನಲ್ಲಿ ದನ ಒಂಟೆ ಮೇಯಿಸುವ ರಬಾರಿಗಳೂ ದೇಸಾಯಿ ಎಂದೇ ಬರೆಯುತ್ತಾರೆ. ಸೂರತ್ ಕಡೆಯ ಸುನ್ನಿ ಮುಸ್ಲಿಮರಲ್ಲಿ ದೇಸಾಯಿಗಳು ಬೇಕಾದಷ್ಟು. ಅವರಲ್ಲಿ ಹಲವರು ಹಡಗು ಹತ್ತಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿನ ಬಾರ್ನಿ ದೇಸಾಯಿ ವರ್ಣಭೇದದ ವಿರುದ್ಧ ಹೋರಾಡಿ ದೇಶ ಬಿಡಬೇಕಾಯಿತು. ಪೊಲೀಸರ ವಶದಲ್ಲಿ ಸತ್ತ ಇಮಾಮ್ ಅಬ್ದುಲ್ಲಾ ಹಾರೂನರ ಬಗ್ಗೆ ಲಂಡನ್ನಿನಲ್ಲಿದ್ದಾಗ ಅವರು ಸಹಲೇಖಕರಾಗಿ ಬರೆದ ಪುಸ್ತಕ 1978ರಲ್ಲಿ ಬಂತು. ಕಿತ್ತೂರಿನ ರಾಣಿಯನ್ನೂ ಕೇಪ್‌ಟೌನಿನ ಈ ಹೋರಾಟಗಾರನನ್ನೂ ಒಂದೇ ಸಮಾಜದ ಸ್ಮರಣ ಸಂಚಿಕೆಯಲ್ಲಿ ಕೂಡಿಸುವ ಸಂಪಾದಕ ಯಾರಾದರೂ ಇದ್ದರೆ ಅವನಿಗೆ ಶರಣು.

ಆದ್ದರಿಂದ ಹೆಸರಿನ ಅಭಿಮಾನ ಇರುವವರು ಸನ್ಮಾನಗಳಿಗೆ ಖರ್ಚು ಮಾಡುವ ಹಣವನ್ನು ಬೇರೊಂದು ಕಡೆ ಹೊರಳಿಸಬಹುದು. ಉತ್ತರ ಕರ್ನಾಟಕದ ವಾಡೆಗಳ ಅಟ್ಟದಲ್ಲಿ, ಕಬ್ಬಿಣದ ಪೆಟ್ಟಿಗೆಗಳಲ್ಲಿ, ಕೆಂಪು ಬಟ್ಟೆಯ ರುಮಾಲುಗಳಲ್ಲಿ ದೇಸಗತಿಯ ದಫ್ತರಗಳು ಇನ್ನೂ ಉಳಿದಿವೆ. ಬಹಳಷ್ಟು ಮೋಡಿ ಲಿಪಿಯಲ್ಲಿವೆ. ಅದನ್ನು ಸರಾಗವಾಗಿ ಓದಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಾಗದ ಗೆದ್ದಲಿಗೆ, ರದ್ದಿಗೆ ಹೋಗುತ್ತಿದೆ. ವಿಶ್ವವಿದ್ಯಾಲಯಗಳು ಮೋಡಿ ಕಲಿಸುವ ಸಣ್ಣ ತರಗತಿಗಳನ್ನು ನಡೆಸಲಿ. ಮನೆತನದವರು ಕಾಗದ ಕೊಡದಿದ್ದರೂ ಫೋಟೊ ತೆಗೆಯಲಾದರೂ ಬಿಡಲಿ. ಆಸ್ತಿಯ ವ್ಯಾಜ್ಯ ಏಳುತ್ತದೆಂಬ ಭಯಕ್ಕೆ ಈಗ ಅರ್ಥವಿಲ್ಲ, ವತನ ರದ್ದಾಗಿ ಎಪ್ಪತ್ತು ವರ್ಷ ದಾಟಿದೆ. ಆ ಕಟ್ಟುಗಳಲ್ಲಿ ದೇಸಾಯರ ವಂಶಾವಳಿ ಇರುವುದು ನಾಲ್ಕಾರು ಹಾಳೆಯಷ್ಟು. ಉಳಿದ ಸಾವಿರಾರು ಹಾಳೆಗಳ ತುಂಬ ಇರುವುದು ಯಾವ ಊರಿನ ಯಾವ ಒಕ್ಕಲು ಎಷ್ಟು ಕೂರಿಗೆ ನೆಲ ಮಾಡಿದ, ಎಷ್ಟು ಜೋಳ ಅಳೆದ, ಬರಗಾಲದಲ್ಲಿ ಯಾರಿಗೆ ಸೂಟಿ ಸಿಕ್ಕಿತು, ಯಾರ ಎತ್ತು ಜಪ್ತಿಯಾಯಿತು ಎಂಬ ಲೆಕ್ಕ.